ಯಾಕೋಬನಿಗಾಗಿ ಯಾರೂ ಪ್ರಾರ್ಥಿಸಲಿಲ್ಲವೇ?

ನಮ್ಮ ಕ್ರೈಸ್ತ ಸಭೆಗಳಲ್ಲಿ ಈಗ ಪ್ರಾರ್ಥಿಸುವವರಿಗಿಂತ ಪ್ರಾರ್ಥನೆಯ ಗುಟ್ಟು ಹೇಳಿಕೊಡುವವರೇ ಹೆಚ್ಚಾಗಿದ್ದಾರೆ. ಬೆಂಗಳೂರಿನ ಗೋಡೆಗಳ ಪೋಸ್ಟರಿನಲ್ಲಿ, ಬೀದರಿನಿಂದ ಕೋಲಾರದವರೆಗೆ ಚರ್ಚ್ ಕಾಂಪೌಂಡುಗಳ ಬ್ಯಾನರಿನಲ್ಲಿ, ಕೋಳಿ ಕೂಗುವ ಮೊದಲೇ ಮೊಬೈಲಿಗೆ ಬಂದು ಬೀಳುವ ವಾಟ್ಸಾಪ್ ಸಂದೇಶದಲ್ಲಿ ಅದೇ ಅದೇ ಮಾತು: ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ, ಇಡೀ ರಾತ್ರಿ ಪ್ರಾರ್ಥನೆ, ಸರಪಳಿ ಪ್ರಾರ್ಥನೆ, ಬಿಡುಗಡೆಯ ಪ್ರಾರ್ಥನೆ. ವೇದಿಕೆಯ ಮೇಲಿಂದ ಬರುವ ಆಜ್ಞೆಗಳೂ ನಮಗೆ ಬಾಯಿಪಾಠವಾಗಿವೆ. ಡಿಕ್ಲೇರ್ ಮಾಡಿ. ಕ್ಲೇಮ್ ಮಾಡಿ. ಬಾಯಿಬಿಟ್ಟು ಹೇಳಿ, ಜೋರಾಗಿ ಹೇಳಿ, ಸೈತಾನನಿಗೆ ಕೇಳಿಸಲಿ. ಸಂಶಯ ಪಡಬೇಡಿ, ಪಟ್ಟರೆ ಆಶೀರ್ವಾದ ಅಲ್ಲೇ ನಿಲ್ಲುತ್ತದೆ.

ಇದೆಲ್ಲದರ ಬುಡದಲ್ಲಿರುವ ಅಭಿಪ್ರಾಯ ಒಂದೇ. ಪ್ರಾರ್ಥನೆ ಫಲಿಸುವುದೂ ಫಲಿಸದಿರುವುದೂ ಪ್ರಾರ್ಥಿಸುವವನ ಕೈಯಲ್ಲಿದೆ. ಅವನ ವಿಶ್ವಾಸಕ್ಕೆ ಎಷ್ಟು ಕಾವಿದೆ, ಎಷ್ಟು ಹೊತ್ತು ಮೊಣಕಾಲೂರಿದ, ಎಷ್ಟು ಜನ ಜೊತೆಗೂಡಿದರು, ಎಷ್ಟು ಊಟ ಬಿಟ್ಟ ಎಂಬ ಲೆಕ್ಕಕ್ಕೆ ತಕ್ಕಂತೆ ಮೇಲಿಂದ ಉತ್ತರ ಇಳಿಯುತ್ತದೆ. ಇದನ್ನು ಒಂದು ಅಭಿಪ್ರಾಯವೆಂದು ಈಗ ಯಾರೂ ತಿಳಿಯುವುದೇ ಇಲ್ಲ. ಸುವಾರ್ತೆ ಎಂದರೆ ಇದೇ ಎಂದುಕೊಂಡಿದ್ದಾರೆ. ನಾನು ಇದನ್ನು ಸುಳ್ಳು ಎನ್ನುತ್ತೇನೆ, ಕ್ರೂರವಾದ ಸುಳ್ಳು. ಹಾಗೆಂದು ತೋರಿಸುವುದಕ್ಕೆ ವಿಚಾರವಾದಿಗಳ ಪುಸ್ತಕವೇನೂ ಬೇಕಿಲ್ಲ, ಇದನ್ನು ಸಾರುವವರ ಕಂಕುಳಲ್ಲಿರುವ ಬೈಬಲೇ ಸಾಕು.

ಇದು ಪೆಂತೆಕೊಸ್ತ್ ಸಭೆಗಳ ಚಾಳಿ ಎಂದು ಉಳಿದವರು ನಕ್ಕು ಪಾರಾಗುವಂತಿಲ್ಲ. ಸಿ.ಎಸ್.ಐ., ಮೆಥೊಡಿಸ್ಟ್ ಸಭೆಗಳ ಉಪವಾಸ ಕೂಟಗಳಿಗೂ ಈ ಭಾಷೆ ಎಂದೋ ಬಂದು ಸೇರಿದೆ. ಕ್ಯಾಥೊಲಿಕರಲ್ಲಿ ಇದರದೇ ಇನ್ನೊಂದು ರೂಪವಿದೆ: ಒಂಬತ್ತು ದಿನ ತಪ್ಪದೆ ಹೇಳಿ, ಇಷ್ಟು ಪ್ರತಿ ಮಾಡಿಸಿ ಹಂಚಿ, ಇದು ವಿಫಲವಾದದ್ದೇ ಇಲ್ಲ ಎಂದು ಅಚ್ಚು ಹಾಕಿಸಿ ಚರ್ಚಿನ ಬೆಂಚಿನ ಮೇಲೆ ಇಟ್ಟುಹೋಗುವ ಚೀಟಿಗಳು. ತಪ್ಪು ನೊವೇನಾ ಎಂಬ ಆ ಒಂಬತ್ತು ದಿನದ ಪ್ರಾರ್ಥನೆಯದಲ್ಲ. ಕ್ರಿಸ್ತನು ಸ್ವರ್ಗಾರೋಹಣವಾದ ಮೇಲೆ ಪಂಚಾಶತ್ತಮ ದಿನದವರೆಗೆ ಶಿಷ್ಯರು ಕಾದು ಕೂತ ಒಂಬತ್ತು ದಿನಗಳ ನೆನಪು ಅದು. ಕಾಯುವುದನ್ನು ಕಲಿಸುವ ಪದ್ಧತಿ. ಆ ಚೀಟಿ ಮಾಡಿದವನು ಅದನ್ನು ಗ್ಯಾರಂಟಿ ಕಾರ್ಡ್ ಮಾಡಿಬಿಟ್ಟ. ಇನ್ನು, ನಮ್ಮ ಹಳೆಯ ಪೆಂತೆಕೊಸ್ತ್ ಅಜ್ಜಿಯರು ಹೀಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಗಂಟೆಗಟ್ಟಲೆ ಅತ್ತು ಕೇಳುತ್ತಿದ್ದರು, ಕೊನೆಗೆ ಕರ್ತನ ಚಿತ್ತದಂತಾಗಲಿ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಲೆ ಹಚ್ಚುತ್ತಿದ್ದರು. ಕರ್ತನ ಚಿತ್ತ ಎಂದು ಸೇರಿಸುವುದೇ ಅವಿಶ್ವಾಸದ ಗುರುತು ಎಂದು ಅವರ ಮೊಮ್ಮಕ್ಕಳಿಗೆ ಈಗ ಕಲಿಸಲಾಗುತ್ತಿದೆ.

ಈ ಬೋಧನೆಯ ವಂಶಾವಳಿ ಹಳೆಯದೇನಲ್ಲ. ಅಮೆರಿಕದ ಇ. ಡಬ್ಲ್ಯು. ಕೆನ್ಯನ್ ಎಂಬ ಬೋಧಕ ಬಿತ್ತಿದ್ದನ್ನು ಒಕ್ಲಹೋಮಾದ ಟಲ್ಸಾ ಊರಿನ ಕೆನೆತ್ ಹೇಗಿನ್ (1917–2003) ಬೆಳೆಸಿದರು: ವಿಶ್ವಾಸದಿಂದ ನುಡಿದ ಮಾತಿಗೆ ಸೃಷ್ಟಿಸುವ ಶಕ್ತಿಯಿದೆ, ವಿಶ್ವಾಸಿ ತನ್ನ ಹಕ್ಕನ್ನು ಬಾಯಿಂದ ಹೇಳಿ ಪಡೆಯಬೇಕು ಎಂದು. ದಕ್ಷಿಣ ಕೊರಿಯಾದ ಡೇವಿಡ್ ಯಾಂಗಿ ಚೋ 1979ರಲ್ಲಿ ಪ್ರಕಟಿಸಿದ ‘ದಿ ಫೋರ್ತ್ ಡೈಮೆನ್ಷನ್’ ಪುಸ್ತಕದಲ್ಲಿ ಒಂದು ಕಥೆ ಬರುತ್ತದೆ. ಬಡತನದ ದಿನಗಳಲ್ಲಿ ಅವರು ಮೇಜು, ಕುರ್ಚಿ, ಸೈಕಲ್ಲಿಗಾಗಿ ಪ್ರಾರ್ಥಿಸಿದರಂತೆ. ಸಿಗಲಿಲ್ಲ. ವಿವರ ಸಾಲದೆಂದು ತಿಳಿದ ಮೇಲೆ ಮೇಜು ಯಾವ ಮರದ್ದು, ಕುರ್ಚಿಗೆ ಚಕ್ರ ಬೇಕೇ, ಸೈಕಲ್ ಯಾವ ದೇಶದ್ದು ಎಂದು ಬಿಡಿಸಿ ಕೇಳಿದರಂತೆ, ಸಿಕ್ಕಿತಂತೆ. 2000ದಲ್ಲಿ ಬ್ರೂಸ್ ವಿಲ್ಕಿನ್ಸನ್ ಎಂಬವರು ಒಂದನೆಯ ಪೂರ್ವಕಾಲವೃತ್ತಾಂತದ ನಾಲ್ಕನೆಯ ಅಧ್ಯಾಯದಲ್ಲಿ, ವಂಶಾವಳಿಗಳ ರಾಶಿಯ ನಡುವೆ ಎರಡೇ ವಚನಗಳಲ್ಲಿ ಬಂದುಹೋಗುವ ಯಾಬೇಚ ಎಂಬ ಮನುಷ್ಯನ ಪ್ರಾರ್ಥನೆಯನ್ನು ದಿನಾ ಹೇಳಿಕೊಳ್ಳಬೇಕಾದ ಸೂತ್ರವಾಗಿಸಿ ಪುಸ್ತಕ ಬರೆದರು. ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಯೇಸುವೇ ಕಲಿಸಿಕೊಟ್ಟ ಪ್ರಾರ್ಥನೆಯೊಂದು ಇರುವಾಗ ಯಾಬೇಚನ ಬೆನ್ನು ಹತ್ತಿದ್ದೇಕೆ ಎಂದು ಕೇಳಿದರೆ ಉತ್ತರ ಸುಲಭ. ಯೇಸು ಕಲಿಸಿದ್ದರಲ್ಲಿ ಆಯಾ ದಿನದ ರೊಟ್ಟಿಯಷ್ಟೇ ಇದೆ, ಆಸ್ತಿಯ ಎಲ್ಲೆ ಹಿಗ್ಗಿಸುವ ಮಾತಿಲ್ಲ.

ಇಂಥ ಪ್ರಸಂಗಗಳಲ್ಲಿ ಬ್ರಿಸ್ಟಲಿನ ಜಾರ್ಜ್ ಮುಲ್ಲರನ ಹೆಸರು ತಪ್ಪದೆ ಬರುತ್ತದೆ. 1836ರಲ್ಲಿ ಅನಾಥಾಲಯ ತೆರೆದು, ಯಾರ ಮುಂದೆಯೂ ಕೈಚಾಚದೆ ದೇವರನ್ನಷ್ಟೇ ಕೇಳಿ ಸಾವಿರಾರು ಮಕ್ಕಳನ್ನು ಸಾಕಿದ ಮನುಷ್ಯ. ನೋಡಿ, ವಿಶ್ವಾಸವಿದ್ದರೆ ಹಣ ಹೇಗೆ ಹರಿದುಬರುತ್ತದೆ ಎಂದು ಅವನನ್ನು ತೋರಿಸಿ, ಆಮೇಲೆ ಕಾಣಿಕೆಯ ಲಕೋಟೆ ಹಂಚುತ್ತಾರೆ. ಆದರೆ ಮುಲ್ಲರ್ 1830ರಲ್ಲಿ ತನ್ನ ಸಭೆಯ ಸಂಬಳವನ್ನೇ ಬೇಡವೆಂದವನು. ಬಂದ ಹಣದ ಲೆಕ್ಕವನ್ನು ವರ್ಷ ವರ್ಷ ಅಚ್ಚು ಹಾಕಿಸಿದವನು. ಅವನ ಪಕ್ಕದಲ್ಲಿ ಓರಲ್ ರಾಬರ್ಟ್ಸ್ ಅವರನ್ನು ನಿಲ್ಲಿಸಿ ನೋಡಿ: 1987ರಲ್ಲಿ ಅವರು ಎಂಬತ್ತು ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಮೇಲಕ್ಕೆ ಕರೆದುಕೊಳ್ಳುತ್ತಾನೆ ಎಂದು ಟಿವಿಯಲ್ಲಿ ಹೇಳಿ ಹಣ ಎತ್ತಿದರು. ನಮ್ಮ ವೇದಿಕೆಗಳು ಹೆಸರು ಹೇಳುವುದು ಮುಲ್ಲರನದು, ದಾರಿ ಹಿಡಿಯುವುದು ರಾಬರ್ಟ್ಸರದು.

ಇರಲಿ, ಹಣದ ವಿಷಯ ಎಲ್ಲರೂ ಬಲ್ಲದ್ದೇ. ಅದಕ್ಕಿಂತ ಹೆಚ್ಚು ನನ್ನನ್ನು ಕೆರಳಿಸುವುದು ಈ ಬೋಧನೆ ಕಾಯಿಲೆಯವರ ಹಾಸಿಗೆಯ ಪಕ್ಕದಲ್ಲಿ ಮಾಡುವ ಕೆಲಸ. ಗುಣವಾದರೆ ಪ್ರಾರ್ಥನಾ ವೀರರ ಅಭಿಷೇಕದಿಂದ ಆಯಿತು, ಭಾನುವಾರ ಸಾಕ್ಷಿ ಹೇಳಬೇಕು. ಗುಣವಾಗದಿದ್ದರೆ ನಿಮ್ಮ ವಿಶ್ವಾಸ ಸಾಲದು. ಅಥವಾ ಮನೆಯಲ್ಲಿ ಯಾರೋ ಗುಟ್ಟಾಗಿ ಪಾಪ ಮಾಡಿದ್ದಾರೆ. ಅಥವಾ ಪೂರ್ವಜರ ಶಾಪ. ತಾಲ್ಲೂಕು ಕಚೇರಿ ಮುಂದಿನ ದಲ್ಲಾಳಿಯೂ ಹೀಗೆಯೇ: ಕೆಲಸವಾದರೆ ಅವನ ಪ್ರಭಾವದಿಂದ ಆಯಿತು, ಆಗದಿದ್ದರೆ ನಿಮ್ಮ ಕಾಗದಪತ್ರ ಸರಿಯಿರಲಿಲ್ಲ. ಎಂದೂ ಸೋಲದ ಬೋಧನೆ ಎಂದರೆ ಹೀಗಿರಬೇಕು. ಸೋಲೆಲ್ಲವನ್ನೂ ಹೊರುವುದು ನಡುಗುತ್ತ ಮಲಗಿರುವ ಆ ದೇಹ. ಮಗುವನ್ನು ಮಣ್ಣುಮಾಡಿ ಬಂದ ತಾಯಿ, ನಾನು ಇನ್ನಷ್ಟು ನಂಬಿದ್ದರೆ ಉಳಿಯುತ್ತಿತ್ತೇನೋ ಎಂದು ವರ್ಷಗಟ್ಟಲೆ ಒಳಗೇ ಬೇಯುತ್ತಾಳೆ. ಯೋಬನ ಗೆಳೆಯರು ಇದನ್ನೇ ಮಾಡಿದ್ದು. ನಿನ್ನಲ್ಲೇ ಏನೋ ಕೊರತೆಯಿದೆ, ಹುಡುಕಿಕೋ ಎಂದು ಅಧ್ಯಾಯದ ಮೇಲೆ ಅಧ್ಯಾಯ ಉಪದೇಶ ಮಾಡಿದರು. ಕೊನೆಗೆ ದೇವರ ಕೋಪ ಉರಿದದ್ದು ಕೂಗಾಡಿದ ಯೋಬನ ಮೇಲಲ್ಲ, ಆ ಉಪದೇಶಕರ ಮೇಲೆ. ಅವರಿಗಾಗಿ ಯೋಬನೇ ಪ್ರಾರ್ಥಿಸಬೇಕಾಯಿತು.

ಈಗ ಅಪೊಸ್ತಲರ ಕೃತ್ಯಗಳ ಹನ್ನೆರಡನೆಯ ಅಧ್ಯಾಯಕ್ಕೆ ಬರೋಣ. ಅರಸ ಹೆರೋದ ಅಗ್ರಿಪ್ಪನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಯೆಹೂದ್ಯರಿಗೆ ಅದು ಮೆಚ್ಚಿಗೆಯಾಯಿತೆಂದು ಕಂಡು ಪೇತ್ರನನ್ನೂ ಹಿಡಿಸಿದ. ಸಭೆಯವರು ಪೇತ್ರನಿಗಾಗಿ ಬಿಡದೆ ಪ್ರಾರ್ಥಿಸಿದರು. ಹದಿನಾರು ಸಿಪಾಯಿಗಳ ಕಾವಲು, ಎರಡು ಸರಪಣಿ; ದೇವದೂತ ಬಂದು ತಟ್ಟಿ ಎಬ್ಬಿಸಿದ, ಸರಪಣಿ ಕಳಚಿಬಿತ್ತು, ಕಬ್ಬಿಣದ ಬಾಗಿಲು ತಾನಾಗಿ ತೆರೆಯಿತು. ಪ್ರಾರ್ಥನೆಯ ಪ್ರಸಂಗಗಳಲ್ಲಿ ಇಲ್ಲಿಗೆ ಚಪ್ಪಾಳೆ ಬೀಳುತ್ತದೆ.

ಮುಂದೆ ಓದಿ. ಪೇತ್ರ ನೇರವಾಗಿ ಮಾರ್ಕನೆನಿಸಿಕೊಂಡ ಯೋಹಾನನ ತಾಯಿ ಮರಿಯಳ ಮನೆಗೆ ಬರುತ್ತಾನೆ. ಒಳಗೆ ಪ್ರಾರ್ಥನೆ ನಡೆಯುತ್ತಲೇ ಇದೆ. ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಕೆಲಸದ ಹುಡುಗಿ ದನಿ ಗುರುತಿಸಿ, ಸಂತೋಷದ ಭರದಲ್ಲಿ ಬಾಗಿಲು ತೆರೆಯುವುದನ್ನೂ ಮರೆತು, ಪೇತ್ರ ಬಂದಿದ್ದಾನೆ ಎಂದು ಒಳಕ್ಕೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದವರು ಏನೆಂದರು? ನಿನಗೆ ಹುಚ್ಚು ಎಂದರು. ಅವಳು ಹಟ ಹಿಡಿದಾಗ, ಅದು ಅವನ ದೂತನಿರಬೇಕು ಎಂದರು. ಪೇತ್ರ ಹೊರಗೆ ತಟ್ಟುತ್ತಲೇ ನಿಂತಿದ್ದ. ಇಡೀ ಹೊಸ ಒಡಂಬಡಿಕೆಯಲ್ಲಿ ಸಭೆಯೊಂದು ಕೂಡಿ ಮಾಡಿದ ಪ್ರಾರ್ಥನೆಗೆ ಸಿಕ್ಕಿದ ಅತಿ ದೊಡ್ಡ ಉತ್ತರಗಳಲ್ಲಿ ಇದೊಂದು. ಮತ್ತು ಆ ಸಭೆಯಲ್ಲಿ ಒಬ್ಬರೂ ಅದನ್ನು ನಂಬಿರಲಿಲ್ಲ. ಯಾರೂ ಕ್ಲೇಮ್ ಮಾಡಿರಲಿಲ್ಲ. ಪೇತ್ರ ಆಗಲೇ ಬಿಡುಗಡೆಯಾಗಿದ್ದಾನೆ ಎಂದು ಡಿಕ್ಲೇರ್ ಮಾಡಿರಲಿಲ್ಲ. ಬಿಡುಗಡೆಯಾದವನು ಬಾಗಿಲಲ್ಲಿ ನಿಂತರೂ ಸುದ್ದಿ ತಂದವಳಿಗೆ ಹುಚ್ಚಿ ಎಂಬ ಪಟ್ಟ ಕಟ್ಟಿದರು. ಇವರ ಸಂಶಯ ದೇವರ ಕೈ ಕಟ್ಟಲಿಲ್ಲ.

ಹಾಗಾದರೆ ಯಾಕೋಬ? ಅವನಿಗಾಗಿ ಸಭೆ ಪ್ರಾರ್ಥಿಸಿತೆಂದು ಲೂಕ ಬರೆದಿಲ್ಲ, ಅದಕ್ಕೇ ಅವನು ಸತ್ತ, ಪೇತ್ರನ ಹೊತ್ತಿಗೆ ಸಭೆಗೆ ಬುದ್ಧಿ ಬಂತು ಎಂದು ಪ್ರಸಂಗ ಮಾಡುವವರಿದ್ದಾರೆ. ಕೇಳಿದರೆ ಮೈ ಉರಿಯುತ್ತದೆ. ಯೇಸುವಿಗೆ ಅತಿ ಹತ್ತಿರದ ಮೂವರಲ್ಲಿ ಒಬ್ಬನನ್ನು ಹಿಡಿದೊಯ್ದಾಗ, ಎರಡನೆಯ ಅಧ್ಯಾಯದಿಂದ ಪ್ರಾರ್ಥನೆಯಲ್ಲೇ ಇದ್ದ ಸಭೆ ಸುಮ್ಮನೆ ಕೂತಿತ್ತೇ? ಲೂಕ ಬರೆಯದ್ದನ್ನು ಆ ಸಭೆಯ ತಪ್ಪೆಂದು ಹೊರಿಸಲು ಇವರಿಗೆ ಅಧಿಕಾರ ಕೊಟ್ಟವರಾರು? ಅದೂ ಹೋಗಲಿ. ಇದೇ ಪೇತ್ರ ಮುಂದೆ ರೋಮಿನಲ್ಲಿ ನೀರೋನ ಕಾಲದಲ್ಲಿ ಕೊಲ್ಲಲ್ಪಟ್ಟನೆಂಬುದು ಸಭೆಯ ಪುರಾತನ ಪರಂಪರೆ. ಆಗ ಪ್ರಾರ್ಥನೆಯ ಕಲೆ ಮತ್ತೆ ಮರೆತುಹೋಗಿತ್ತೇ?

ಯಾಕೋಬನ ಬಗ್ಗೆ ಇನ್ನೊಂದು ಮಾತಿದೆ, ಅದನ್ನು ಈ ಬೋಧಕರು ಮುಟ್ಟುವುದೇ ಇಲ್ಲ. ಮಾರ್ಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯಾಕೋಬ, ಯೋಹಾನ ಅಣ್ಣತಮ್ಮಂದಿರು ಯೇಸುವಿನ ಬಳಿ ಬಂದು, ನಾವು ಏನು ಕೇಳಿದರೂ ನೀನು ಮಾಡಿಕೊಡಬೇಕು ಎನ್ನುತ್ತಾರೆ. ಇಂದಿನ ವೇದಿಕೆ ಕಲಿಸುವ ಪ್ರಾರ್ಥನೆಯ ಶುದ್ಧ ಮಾದರಿ ಇದು. ಧೈರ್ಯವಿದೆ, ಸಂಶಯದ ಸುಳಿವಿಲ್ಲ, ವಿವರವೂ ಖಚಿತ: ಒಬ್ಬನಿಗೆ ಬಲಗಡೆ ಕುರ್ಚಿ, ಇನ್ನೊಬ್ಬನಿಗೆ ಎಡಗಡೆ. ನೀವು ಏನು ಕೇಳುತ್ತಿದ್ದೀರೆಂದು ನಿಮಗೇ ತಿಳಿಯದು ಎಂದ ಯೇಸು. ನಾನು ಕುಡಿಯುವ ಪಾತ್ರೆಯಲ್ಲಿ ನೀವೂ ಕುಡಿಯುವಿರಿ, ಕುರ್ಚಿ ಮಾತ್ರ ನನ್ನ ಕೈಯಲ್ಲಿಲ್ಲ ಎಂದ. ಹೆರೋದನ ಕತ್ತಿ ಆ ಪಾತ್ರೆ. ಯಾಕೋಬ ಸತ್ತದ್ದು ವಿಶ್ವಾಸ ಸಾಲದೆ ಅಲ್ಲ. ತನ್ನ ಗುರು ಸತ್ತ ದಾರಿಯಲ್ಲೇ ಸತ್ತ.

ಆ ಗುರುವಾದರೂ ಗೆತ್ಸೆಮನೆಯಲ್ಲಿ ಮೂರು ಸಲ ಅದೇ ಮಾತು ಹೇಳಿ ಪ್ರಾರ್ಥಿಸಿದ. ಪಾತ್ರೆ ತೊಲಗಲಿಲ್ಲ. ವಿಶ್ವಾಸದ ಅಳತೆಗೆ ತಕ್ಕ ಉತ್ತರ ಎಂಬುದು ನಿಜವಾದರೆ, ಅಂದು ರಾತ್ರಿ ಆ ತೋಟದಲ್ಲಿ ಯೇಸುವಿನ ವಿಶ್ವಾಸ ಕಡಿಮೆಯಾಗಿತ್ತು ಎನ್ನಬೇಕಾಗುತ್ತದೆ. ಹೇಳುವ ಎದೆಗಾರಿಕೆ ಯಾರಿಗಿದೆ? ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಇನ್ನೂ ಕಠಿಣವಾದ ಮಾತು ಹೇಳುತ್ತದೆ: ಕಣ್ಣೀರಿಟ್ಟು ಮಾಡಿದ ಅವನ ಪ್ರಾರ್ಥನೆ ಅವನ ಭಯಭಕ್ತಿಯ ನಿಮಿತ್ತ ಕೇಳಲ್ಪಟ್ಟಿತು ಎಂದು. ಕೇಳಲ್ಪಟ್ಟಿತು, ಮರುದಿನ ಶಿಲುಬೆಗೂ ಹಾಕಿದರು. ದೇವರು ಪ್ರಾರ್ಥನೆ ಕೇಳುವುದು ಬೇರೆ, ನಾವು ಕೇಳಿದ್ದು ಕೈಗೆ ಬರುವುದು ಬೇರೆ. ಇದನ್ನು ಒಪ್ಪದವನು ಶುಭ ಶುಕ್ರವಾರದ ಪ್ರಸಂಗ ಮಾಡದಿರುವುದು ಒಳ್ಳೆಯದು.

ಪೌಲನ ಕಥೆ ಇನ್ನೂ ಸ್ವಾರಸ್ಯದ್ದು. ಎಫೆಸದಲ್ಲಿ ಅವನ ಮೈಮೇಲಿನ ಕೈವಸ್ತ್ರ ತಂದು ಹಾಕಿದರೆ ಕಾಯಿಲೆ ಬಿಡುತ್ತಿತ್ತು ಎಂದು ಲೂಕ ಬರೆಯುತ್ತಾನೆ. ಪ್ರಾರ್ಥಿಸಿದ ಕರವಸ್ತ್ರ, ಪ್ರಾರ್ಥನಾ ತೈಲ ಹಂಚುವವರೆಲ್ಲ ಈ ವಚನದ ನೆರಳಲ್ಲೇ ನಿಂತಿರುವುದು. ಆದರೆ ಅದೇ ಎಫೆಸದ ತ್ರೊಫಿಮ, ಪೌಲನ ಜೊತೆಗೇ ತಿರುಗಿದವನು, ಕಾಯಿಲೆ ಬಿದ್ದಾಗ ಅವನನ್ನು ಮಿಲೇತದಲ್ಲಿ ಬಿಟ್ಟುಬಂದೆ ಎಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಬರುತ್ತದೆ. ಒಂದೇ ಸಾಲು, ವಿವರಣೆಯಿಲ್ಲ, ದೂರಿಲ್ಲ. ತ್ರೊಫಿಮನಿಗೆ ವಿಶ್ವಾಸ ಸಾಲದು ಎಂಬ ಷರಾ ಇಲ್ಲ. ತಿಮೊಥೆಯನ ಹೊಟ್ಟೆನೋವಿಗೆ ಪೌಲ ಕಳಿಸಿದ್ದು ಕೈವಸ್ತ್ರವಲ್ಲ, ಸ್ವಲ್ಪ ದ್ರಾಕ್ಷಾರಸ ಕುಡಿ ಎಂಬ ಸಲಹೆ. ತನ್ನ ಮೈಗೆ ನಾಟಿದ ಶೂಲಕ್ಕಾಗಿ ಮೂರು ಸಲ ಬೇಡಿಕೊಂಡ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಅರ್ಥದ ಉತ್ತರ ಬಂತು, ಶೂಲ ಹಾಗೆಯೇ ಉಳಿಯಿತು. ಅಲ್ಲಿಂದಾಚೆಗೆ ಅವನು ನಲವತ್ತು ದಿನದ ವಿಶೇಷ ಕೂಟ ಏರ್ಪಡಿಸಲಿಲ್ಲ.

ನಂಬಿಕೆಯಿಲ್ಲದೆ ಗುಣವಾದವರ ಪಟ್ಟಿಯೂ ಸುವಾರ್ತೆಗಳಲ್ಲಿ ಸಣ್ಣದಲ್ಲ. ನಾಯಿನೆಂಬ ಊರಿನ ವಿಧವೆ ಏನನ್ನೂ ಕೇಳಲಿಲ್ಲ, ಮಗನ ಚಟ್ಟದ ಹಿಂದೆ ಅಳುತ್ತ ಹೋಗುತ್ತಿದ್ದಳು. ಬೇತಸ್ಥದ ಕೊಳದ ಬಳಿ ಬಿದ್ದಿದ್ದ, ಮೂವತ್ತೆಂಟು ವರ್ಷದಿಂದ ಕಾಯಿಲೆಯಲ್ಲಿದ್ದವನಿಗೆ ತನ್ನನ್ನು ಗುಣಪಡಿಸಿದವನು ಯಾರೆಂದೇ ಗೊತ್ತಿರಲಿಲ್ಲ. ಮಹಾಯಾಜಕನ ಆಳು ಯೇಸುವನ್ನು ಹಿಡಿಯಲು ಬಂದವನು. ಅವನ ಕಡಿದ ಕಿವಿಯೂ ವಾಸಿಯಾಯಿತು. ಮೂರ್ಛೆಯ ಮಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಗೋಳಾಡಿದ. ಯೇಸು ಅವನನ್ನು ಇನ್ನಷ್ಟು ನಂಬಿ ಬಾ ಎಂದು ವಾಪಸು ಕಳಿಸಲಿಲ್ಲ.

ಗದ್ದಲದ ವಿಷಯಕ್ಕೆ ಒಂದೇ ಮಾತು. ಕರ್ಮೆಲ್ ಬೆಟ್ಟದ ಮೇಲೆ ಬಾಳನ ನಾನೂರೈವತ್ತು ಪ್ರವಾದಿಗಳು ಬೆಳಗಿನಿಂದ ಕೂಗಿದರು, ಕುಣಿದರು, ಮೈ ಕೊಯ್ದುಕೊಂಡರು. ಸಂಖ್ಯೆ, ಸಮಯ, ಕಾವು, ತ್ಯಾಗ, ಪ್ರಾರ್ಥನಾ ಸೆಮಿನಾರಿನಲ್ಲಿ ಕಲಿಸುವ ಯಾವುದೂ ಅಲ್ಲಿ ಕಡಿಮೆಯಿರಲಿಲ್ಲ. ಎಲೀಯನ ಪ್ರಾರ್ಥನೆ ಎರಡು ವಚನಗಳಲ್ಲಿ ಮುಗಿಯುತ್ತದೆ.

ಮಜವೆಂದರೆ, ಪ್ರಾರ್ಥನೆಯನ್ನು ಹಾಸ್ಯ ಮಾಡುವವರೂ ಅದನ್ನು ಮಾರುವವರೂ ಈ ವಿಷಯದಲ್ಲಿ ಒಂದೇ ಪಕ್ಷ. 1872ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್, ದೇಶದ ಚರ್ಚುಗಳಲ್ಲೆಲ್ಲ ಅರಸರ ದೀರ್ಘಾಯುಷ್ಯಕ್ಕೆ ಪ್ರಾರ್ಥಿಸುತ್ತಾರಲ್ಲ, ಹಾಗಿದ್ದೂ ಅರಸರು ಉಳಿದ ಶ್ರೀಮಂತರಷ್ಟೂ ಬದುಕುವುದಿಲ್ಲ ಎಂದು ಲೆಕ್ಕ ತೆಗೆದ. 2006ರಲ್ಲಿ ಹಾರ್ವರ್ಡಿನ ಹರ್ಬರ್ಟ್ ಬೆನ್ಸನ್ ಮತ್ತು ಜೊತೆಯವರು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1802 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಪ್ರಾರ್ಥನೆಯಿಂದ ವ್ಯತ್ಯಾಸ ಕಾಣಲಿಲ್ಲ. ತಮಗಾಗಿ ಪ್ರಾರ್ಥಿಸುತ್ತಿದ್ದಾರೆಂದು ಖಚಿತವಾಗಿ ತಿಳಿದವರಲ್ಲಿ ಶೇಕಡಾ 59 ಜನರಿಗೆ ತೊಡಕುಗಳಾದವು, ಪ್ರಾರ್ಥನೆ ಇದೆಯೋ ಇಲ್ಲವೋ ತಿಳಿಯದೆ ಪ್ರಾರ್ಥನೆ ಪಡೆದವರಲ್ಲಿ 52. ನಾಸ್ತಿಕರು ನಕ್ಕರು, ನಮ್ಮವರು ಸಿಟ್ಟಾದರು. ನನಗಂತೂ ಆಶ್ಚರ್ಯವಾಗಲಿಲ್ಲ. ಇಷ್ಟು ಪ್ರಾರ್ಥನೆ ಹಾಕಿದರೆ ಇಷ್ಟು ಗುಣ ಬರಬೇಕು ಎಂಬ ಕಲ್ಪನೆಯನ್ನು ಅಲ್ಲಿ ಪರೀಕ್ಷೆಗಿಟ್ಟರು. ಅದು ಬಿದ್ದುಹೋಯಿತು. ಅದು ನಮ್ಮ ವೇದಿಕೆಗಳ ಕಲ್ಪನೆ, ಯೇಸುವಿನದಲ್ಲ. ಬಿದ್ದದ್ದು ಒಳ್ಳೆಯದೇ ಆಯಿತು.

ಎದುರು ವಾದಕ್ಕೂ ಮರ್ಯಾದೆ ಕೊಡಬೇಕು. ನೀವು ಪ್ರಾರ್ಥಿಸಿ ಬೇಡಿಕೊಳ್ಳುವುದನ್ನೆಲ್ಲ ಹೊಂದಿದ್ದೇವೆಂದು ನಂಬಿ ಎಂಬರ್ಥದ ಮಾತು ಮಾರ್ಕನ ಹನ್ನೊಂದನೆಯ ಅಧ್ಯಾಯದ 24ನೆಯ ವಚನದಲ್ಲಿದೆ, ಇಲ್ಲವೆನ್ನುವಂತಿಲ್ಲ. ಆದರೆ 25ನೆಯ ವಚನವನ್ನು ಓದಿಸದೆ ಪುಸ್ತಕ ಮುಚ್ಚುವುದೇಕೆ? ಪ್ರಾರ್ಥನೆಗೆ ನಿಂತಾಗ ಯಾರ ಮೇಲಾದರೂ ಏನಾದರೂ ಇದ್ದರೆ ಕ್ಷಮಿಸಿಬಿಡಿ ಎಂದು ಅದರ ಹಿಂದೆಯೇ ಬರುತ್ತದೆ. ಸಾಸಿವೆ ಕಾಳಿನಷ್ಟು ನಂಬಿಕೆಯ ಮಾತೂ ಅಷ್ಟೇ. ಶಿಷ್ಯರಿಗೆ ನಂಬಿಕೆಯ ಪ್ರಮಾಣದ ಚಿಂತೆ ಬೇಡವೆಂದೇ ಅತಿ ಸಣ್ಣ ಕಾಳನ್ನು ಆರಿಸಿ ಹೇಳಿದ್ದು. ಉಪವಾಸವಿಲ್ಲದೆ ಈ ಜಾತಿಯ ದೆವ್ವ ಬಿಡದು ಎಂದು ಮಾರ್ಕನ ಒಂಬತ್ತನೆಯ ಅಧ್ಯಾಯವನ್ನು ಎತ್ತಿಹಿಡಿಯುತ್ತಾರಲ್ಲ, ಉಪವಾಸ ಎಂಬ ಮಾತು ಅತಿ ಪುರಾತನ ಕೈಬರಹದ ಕೆಲವು ಪ್ರತಿಗಳಲ್ಲಿ ಅಲ್ಲಿ ಇಲ್ಲವೇ ಇಲ್ಲ; ಇರುವುದು ಪ್ರಾರ್ಥನೆ ಮಾತ್ರ. ದಾವೀದ ಬತ್ಷೆಬೆಯ ಮಗುವಿಗಾಗಿ ನೆಲದ ಮೇಲೆ ಬಿದ್ದು ಉಪವಾಸ ಮಾಡಿದ. ಏಳನೆಯ ದಿನ ಮಗು ತೀರಿಕೊಂಡಿತು. ಅವನು ಎದ್ದು ಸ್ನಾನ ಮಾಡಿ, ಆರಾಧಿಸಿ, ಊಟ ಕೇಳಿದ. ಉಪವಾಸ ದುಃಖದ ಭಾಷೆ. ದೇವರ ಮೇಲೆ ಹೇರುವ ಮುಷ್ಕರವಲ್ಲ. ಇನ್ನು ಅನ್ಯಾಯಗಾರ ನ್ಯಾಯಾಧಿಪತಿಯನ್ನು ಕಾಡಿದ ವಿಧವೆ: ಬಿಡದೆ ಕಾಡಿದರೆ ದೇವರು ಬಗ್ಗುತ್ತಾನೆ ಎಂದು ಆ ಸಾಮ್ಯವನ್ನು ತಿರುಚುತ್ತಾರೆ. ದೇವರು ಆ ನ್ಯಾಯಾಧಿಪತಿಯಂಥವನಲ್ಲ ಎಂಬುದೇ ಅದರ ಹುರುಳು. ಆ ವಿಧವೆ ಕೇಳಿದ್ದೂ ನ್ಯಾಯವನ್ನು; ಕೆನಡಾದ ವೀಸಾವನ್ನಲ್ಲ.

ಯಾಕೋಬನ ಪತ್ರಿಕೆ ಬಾಕಿ ಉಳಿಯಿತು. (ಇವನು ಹೆರೋದನ ಕತ್ತಿಗೆ ಬಲಿಯಾದವನಲ್ಲ, ಬೇರೆ ಯಾಕೋಬ.) ನೀತಿವಂತನ ಪ್ರಾರ್ಥನೆಗೆ ಬಹಳ ಬಲವಿದೆ ಎಂಬ ಮಾತು ಬರುವುದು ಅದರ ಐದನೆಯ ಅಧ್ಯಾಯದಲ್ಲಿ. ನಂಬಿಕೆಯಿಂದ ಮಾಡಿದ ಪ್ರಾರ್ಥನೆ ರೋಗಿಯನ್ನು ಉಳಿಸುತ್ತದೆ ಎಂಬುದೂ ಅಲ್ಲಿಯೇ. ಆದರೆ ಗಮನಿಸಿ: ರೋಗಿ ಮಾಡಬೇಕಾದದ್ದು ಸಭೆಯ ಹಿರಿಯರನ್ನು ಕರೆಸುವುದಷ್ಟೇ. ಪ್ರಾರ್ಥಿಸುವವರು ಹಿರಿಯರು, ನಂಬಿಕೆ ಇರಬೇಕಾದದ್ದು ಆ ಪ್ರಾರ್ಥನೆಯಲ್ಲಿ. ಲೆಕ್ಕ ಕೇಳಲೇಬೇಕೆಂದರೆ ಪಾಸ್ಟರನ್ನು ಕೇಳಬೇಕು, ಹಾಸಿಗೆ ಹಿಡಿದವಳನ್ನಲ್ಲ. ಎಲೀಯನ ಉದಾಹರಣೆ ಕೊಡುವಾಗಲೂ ಯಾಕೋಬ ಅವನನ್ನು ಪ್ರಾರ್ಥನಾ ವೀರ ಎನ್ನುವುದಿಲ್ಲ, ನಮ್ಮಂಥ ಸ್ವಭಾವದ ಮನುಷ್ಯ ಎನ್ನುತ್ತಾನೆ.

ಈ ಗದ್ದಲದಿಂದ ಬೇಸತ್ತ ನಮ್ಮ ಓದಿದ ಕ್ರೈಸ್ತರು ಇನ್ನೊಂದು ತುದಿಗೆ ಹೋಗಿ ಕೂತಿದ್ದಾರೆ. ಪ್ರಾರ್ಥನೆ ಏನನ್ನೂ ಬದಲಿಸುವುದಿಲ್ಲ, ಪ್ರಾರ್ಥಿಸುವವನ ಮನಸ್ಸನ್ನು ಬದಲಿಸುತ್ತದೆ ಅಷ್ಟೇ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ, ಹಾವೂ ಸಾಯದ ಕೋಲೂ ಮುರಿಯದ ಮಾತು. ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ತಂದೆ ತನ್ನ ಮನಸ್ಸು ಬದಲಾಗಲಿ ಎಂದು ಬಂದಿರುವುದಿಲ್ಲ. ಯೇಸು ರೊಟ್ಟಿ ಕೇಳಲು ಕಲಿಸಿದ, ರೊಟ್ಟಿ ಎಂದರೆ ರೊಟ್ಟಿಯೇ. ಪೇತ್ರನ ಸರಪಣಿಯೂ ನಿಜವಾಗಿಯೇ ಕಳಚಿತು. ನಾನು ಹೇಳುವುದು ದೇವರು ಕೊಡುವುದಿಲ್ಲ ಎಂದಲ್ಲ. ಕೊಟ್ಟಾಗ ಅದು ನಮ್ಮ ಕೂಲಿಯಲ್ಲ, ಕೊಡದಾಗ ಅದು ನಮಗೆ ದಂಡವೂ ಅಲ್ಲ ಎಂದು. ನೀವು ಕೇಳುವ ಮೊದಲೇ ನಿಮ್ಮ ತಂದೆಗೆ ಗೊತ್ತು, ಅದಕ್ಕೇ ಮಾತು ಬೆಳೆಸಬೇಡಿ ಎಂದ ಯೇಸು. ಅದಕ್ಕೇ ಕೇಳಬೇಡಿ ಎನ್ನಲಿಲ್ಲ. ಕೇಳುವುದಕ್ಕೆ ಮಗುವಿಗೆ ಅರ್ಹತಾ ಪತ್ರ ಬೇಕಿಲ್ಲ. ಹಾಗೆಯೇ ಕೇಳಿ ಎದ್ದು ಕೈಲಾದದ್ದನ್ನು ಮಾಡುವುದು ಅವಿಶ್ವಾಸವೂ ಅಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಔಷಧಿ ಕೊಡಲು ಶುರುಮಾಡಿದ ಫಾದರ್ ಮುಲ್ಲರ್ (ಬ್ರಿಸ್ಟಲಿನವನಲ್ಲ, ಬೇರೆ ಮುಲ್ಲರ್), 1906ರಲ್ಲಿ ಮೈಸೂರಿನ ಮಂಡಿಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದ ಮೆಥೊಡಿಸ್ಟ್ ಮಿಷನರಿಗಳು, ಇವರಾರೂ ಪ್ರಾರ್ಥನೆ ಕಡಿಮೆ ಮಾಡಿದವರಲ್ಲ. ಮಾತ್ರೆ ಬಿಡಿಸುವ ಪ್ರಾರ್ಥನೆ ಅವರಿಗೆ ಗೊತ್ತಿರಲಿಲ್ಲ.

ಹಾಗಾದರೆ ಪ್ರಾರ್ಥನೆಗೆ ಷರತ್ತುಗಳೇ ಇಲ್ಲವೇ? ಇವೆ, ಮತ್ತು ಬೈಬಲು ಅವುಗಳನ್ನು ಮುಚ್ಚಿಟ್ಟಿಲ್ಲ. ಯೆಶಾಯನ ಮೊದಲ ಅಧ್ಯಾಯದಲ್ಲಿ ದೇವರು, ನೀವು ಎಷ್ಟೇ ಪ್ರಾರ್ಥಿಸಿದರೂ ಕೇಳುವುದಿಲ್ಲ ಎನ್ನುತ್ತಾನೆ; ಕಾರಣ, ಕೈಗಳಲ್ಲಿ ರಕ್ತ ತುಂಬಿದೆ. ಐವತ್ತೆಂಟನೆಯ ಅಧ್ಯಾಯದಲ್ಲಿ ಉಪವಾಸ ಮಾಡಿದರೂ ನೀನು ನೋಡಲಿಲ್ಲವೇಕೆ ಎಂದು ಜನ ದೂರುತ್ತಾರೆ. ಉಪವಾಸದ ದಿನವೇ ಆಳುಗಳನ್ನು ಹಿಂಡಿ ದುಡಿಸುತ್ತೀರಿ ಎಂಬ ಉತ್ತರ ಬರುತ್ತದೆ. ಬಡವನ ಕೂಗಿಗೆ ಕಿವಿ ಮುಚ್ಚಿಕೊಂಡವನ ಕೂಗಿಗೂ ಉತ್ತರವಿಲ್ಲ ಎಂದು ಜ್ಞಾನೋಕ್ತಿಗಳು. ಹೆಂಡತಿಗೆ ಮರ್ಯಾದೆ ಕೊಡದ ಗಂಡನ ಪ್ರಾರ್ಥನೆಗೆ ತಡೆಯುಂಟು ಎಂದು ಪೇತ್ರನ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯ. ಒಂದಾದರೂ ವಿಶ್ವಾಸದ ಕಾವಿನ ಬಗ್ಗೆ ಇದೆಯೇ? ಎಲ್ಲವೂ ಮನೆ, ಹೊಲ, ಕೂಲಿ, ಕೈಗಳ ಬಗ್ಗೆ. ಜಾತಿ ನೋಡಿ ಹೆಣ್ಣು ಕೊಡುವ, ಸಭೆಯ ಆಸ್ತಿಗಾಗಿ ಕೋರ್ಟಿನಿಂದ ಕೋರ್ಟಿಗೆ ಅಲೆಯುವ, ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡದ ಜನ ಒಟ್ಟಿಗೆ ಕೂತು ಇಪ್ಪತ್ತೊಂದು ದಿನ ಪ್ರಾರ್ಥಿಸಿದರೆ ಏನು ತಡೆಯಾಗುತ್ತಿದೆ ಎಂದು ಹುಡುಕಲು ಪೂರ್ವಜರ ಶಾಪದವರೆಗೆ ಹೋಗಬೇಕಾಗಿಲ್ಲ.

ಯಾಕೋಬನ ಐದನೆಯ ಅಧ್ಯಾಯವನ್ನು ಹದಿಮೂರನೆಯ ವಚನದಿಂದ ಓದಿಸುವುದು ನಮ್ಮಲ್ಲಿ ರೂಢಿ. ಮೊದಲಿನಿಂದ ಓದಿಸಿದರೆ ನಾಲ್ಕನೆಯ ವಚನ ಎದುರಾಗುತ್ತದೆ. ಹೊಲ ಕೊಯ್ದ ಕೂಲಿಯಾಳುಗಳಿಗೆ ಧಣಿಗಳು ಕೂಲಿ ಕೊಡದೆ ಇಟ್ಟುಕೊಂಡಿದ್ದಾರೆ. ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎನ್ನುತ್ತದೆ ಅದು. ದೇವರ ಕಿವಿ ಮುಟ್ಟಿತೆಂದು ಆ ಅಧ್ಯಾಯ ಹೇಳುವ ಮೊದಲ ಪ್ರಾರ್ಥನೆ ಇದು, ನೀತಿವಂತನ ಪ್ರಾರ್ಥನೆಗಿಂತಲೂ ಎಲೀಯನದಕ್ಕಿಂತಲೂ ಮುಂಚಿನದು. ಅವರು ಉಪವಾಸವಿದ್ದದ್ದು ಹೌದು, ಕೂಲಿ ಸಿಗದೆ. ಅವರ ವಿಶ್ವಾಸ ಎಷ್ಟಿತ್ತು ಎಂದು ಯಾಕೋಬ ವಿಚಾರಿಸುವುದೇ ಇಲ್ಲ.